ಕಪ್ಪು ಬಟ್ಟೆ ಹಿಂದಿಟ್ಟರೂ ದಾಸವಾಳದ ಫೋಟೊದಲ್ಲಿ ಹಿನ್ನೆಲೆ ಬೂದಿ ಬಣ್ಣ ಬರ್ತಿದೆ, ಏನು ಮಾಡಲಿ?

ಹಿತ್ತಲಗಿಡ, ಬೆಳಗಾವಿ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಟಿಳಕವಾಡಿಯಲ್ಲಿ. ಹಿತ್ತಲಲ್ಲಿ ಕೆಂಪು ದಾಸವಾಳ, ಸೇವಂತಿಗೆ, ಕುಂಡದಲ್ಲಿ ಒಂದು ಬ್ರಹ್ಮಕಮಲ ಇವೆ. ಹೂವು ಮಾತ್ರ ಎದ್ದು ಕಾಣಬೇಕು, ಹಿಂದೆ ಅಪ್ಪಟ ಕಪ್ಪು ಇರಬೇಕು. ಅಂಥ ಫೋಟೊ ತೆಗೆಯುವ ಆಸೆ.

ನನ್ನ ಹತ್ತಿರ ಇರೋದು ಹಳೆಯ 18 ಮೆಗಾಪಿಕ್ಸೆಲ್ ಕ್ರಾಪ್ ಸೆನ್ಸರ್ (ಬೆಳಕು ಹಿಡಿಯುವ ಚಿಪ್ ಚಿಕ್ಕದಿರುವ) ಕ್ಯಾಮೆರಾ, ಅದರ ಜೊತೆ ಬಂದ 18-55 ಲೆನ್ಸ್, ಒಂದು 50 ಎಂಎಂ ಎಫ್ 1.8. ಟ್ರೈಪಾಡ್ ಇದೆ. ಬೇರೆ ಫ್ಲ್ಯಾಶ್ ಇಲ್ಲ.

ಹೂವಿನ ಹಿಂದೆ ಗೇಣು ದೂರದಲ್ಲಿ ಅತ್ತೆಯವರ ಚಂದ್ರಕಾಳಿ ಸೀರೆ ಕಟ್ಟಿದ್ದೆ. ಫೋಟೊದಲ್ಲಿ ಸೀರೆ ಬೂದಿ ಬಣ್ಣ. ಮಡಿಕೆ ಬಿದ್ದದ್ದೂ ಕಾಣುತ್ತದೆ. ಹೂವಿನ ಕೆಂಪು ಮುದ್ದೆ ಮುದ್ದೆಯಾಗಿದೆ, ಪಕಳೆಯ ಗೆರೆ ಒಂದೂ ಇಲ್ಲ. ತೀರಾ ಹತ್ತಿರದಿಂದ ತೆಗೆಯುವ ಮ್ಯಾಕ್ರೊ ಲೆನ್ಸ್ ತಗೊಳ್ಳಲೇಬೇಕಾ?

ಗುಮ್ಮಟದ ನೆರಳು, ವಿಜಯಪುರ

ಚಂದ್ರಕಾಳಿ ಸೀರೆಯಾ! ಅತ್ತೆಯವರಿಗೆ ಗೊತ್ತಾ?

ಹಿತ್ತಲಗಿಡ, ಬೆಳಗಾವಿ

ಗೊತ್ತು. ಒಂದು ತುದಿ ಹಿಡಿದು ನಿಂತವರೇ ಅವರು. ಅವರ ತಕರಾರು ಬೇರೆ. ಪೂಜೆಯ ಹೂವಿಗೆ ಅಷ್ಟು ಹತ್ತಿರ ಮೂಗು ತರಬೇಡ, ಮೂಸಿದ ಹೂವು ದೇವರಿಗೆ ಏರಿಸಬಾರದು ಅಂತಾರೆ.

ಘಟಪ್ರಭೆ ದಂಡೆ, ಬಾಗಲಕೋಟೆ

ಅಕ್ಕ, ಕ್ಯಾಮೆರಾ ಸರಿಯಾಗೇ ಇದೆ. ಲೆನ್ಸಿಗೆ ಸದ್ಯ ದುಡ್ಡು ಹಾಕಬೇಡಿ.

ಮೊದಲು ಮೀಟರ್, ಅಂದರೆ ಕ್ಯಾಮೆರಾದೊಳಗೆ ಬೆಳಕು ಅಳೆಯುವ ಸಾಧನದ ವಿಷಯ. ಎದುರಿಗಿರೋದು ಕಪ್ಪು ಸೀರೆಯೋ ಕರಿ ಎಮ್ಮೆಯೋ ಅದಕ್ಕೆ ತಿಳಿಯಲ್ಲ. ಕಂಡದ್ದನ್ನೆಲ್ಲ ಸೇರಿಸಿ ನಡುಮಟ್ಟದ ಬೂದಿಗೆ ತಂದು ನಿಲ್ಲಿಸೋದಷ್ಟೇ ಅದರ ಕೆಲಸ. ಫ್ರೇಮಿನ ಮುಕ್ಕಾಲು ಭಾಗ ಕಪ್ಪಿದ್ದರೆ ಬೆಳಕು ಸಾಲದು ಎಂದುಕೊಂಡು ಫೋಟೊಕ್ಕೆ ಬಿಡುವ ಬೆಳಕು, ಅಂದರೆ ಎಕ್ಸ್‌ಪೋಶರ್ ಏರಿಸುತ್ತದೆ. ಆಗ ಸೀರೆ ಬೂದಿಯಾಗುತ್ತದೆ, ಹೂವು ಸುಟ್ಟುಹೋಗುತ್ತದೆ. ನಿಮ್ಮ ಎರಡೂ ತೊಂದರೆಗೆ ಮೂಲ ಇದೇ. ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಮೈನಸ್ 1ರಿಂದ ಮೈನಸ್ 2ರವರೆಗೆ ಇಳಿಸಿ ನೋಡಿ. ಒಂದೇ ಚುಕ್ಕೆಯ ಬೆಳಕು ಅಳೆಯುವ ಸ್ಪಾಟ್ ಮೀಟರಿಂಗ್ ಇದ್ದರೆ ಹೂವಿನ ಮೇಲೆ ಇಟ್ಟು ಅಳೆಯಿರಿ. ಮ್ಯಾನುಯಲ್ ಮೋಡ್ ರೂಢಿಯಿದ್ದರೆ ಇನ್ನೂ ಒಳ್ಳೆಯದು.

ಎರಡನೆಯದು ದೂರ. ಹೂವಿಗೆ ಬೀಳುವ ಬೆಳಕೇ ಗೇಣು ಹಿಂದಿರುವ ಸೀರೆಗೂ ಬೀಳುತ್ತಿದೆ. ಬೆಳಕು ಬಿದ್ದ ಕಪ್ಪು ಬಟ್ಟೆ ಬೂದಿಯಾಗೇ ಕಾಣುತ್ತದೆ. ಅದೇ ಬೆಳಕಿಲ್ಲದ ಕಡೆ ಬಿಳಿ ಗೋಡೆ ಇದ್ದರೂ ಕಪ್ಪಾಗುತ್ತದೆ. ನಾನು ತೆಗೆದ ಎಷ್ಟೋ ಹೂವಿನ ಫೋಟೊಗಳ ಹಿಂದೆ ಇರೋದು ನಮ್ಮ ನವನಗರದ ಮನೆಯ ತಿಳಿಹಳದಿ ಗೋಡೆ.

ಇನ್ನು ಚಂದ್ರಕಾಳಿ ಬಗ್ಗೆ. ಆ ನೂಲಿಗೆ ಹೊಳಪು ಜಾಸ್ತಿ, ಹಿನ್ನೆಲೆಗೆ ಹೊಳಪು ಬರಬಾರದು. ಬಟ್ಟೆಯೇ ಬೇಕಿದ್ದರೆ ಕಪ್ಪು ಮಖಮಲ್ ತನ್ನಿ. ಅದರ ನವಿರು ಎಳೆಗಳು ಎದ್ದು ನಿಂತಿರುತ್ತವೆ, ಬೆಳಕು ಆ ಎಳೆಗಳ ನಡುವೆ ಹೊಕ್ಕು ಅಲ್ಲೇ ಅಡಗಿಬಿಡುತ್ತದೆ.

ಎಫ್ ಹನ್ನೊಂದು, ಬೆಳಗಾವಿ

ದೂರದ ಮಾತಿಗೆ ಸ್ವಲ್ಪ ಲೆಕ್ಕ ಸೇರಿಸುತ್ತೇನೆ. ಬಲ್ಬು, ಫ್ಲ್ಯಾಶ್, ಟಾರ್ಚ್‌ನಂಥ ಚಿಕ್ಕ ದೀಪದ ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ದೀಪದಿಂದ ಹೂವು 25 ಸೆಂಟಿಮೀಟರ್, ಬಟ್ಟೆ 50 ಸೆಂಟಿಮೀಟರ್ ಇದೆ ಅಂದುಕೊಳ್ಳಿ. ಬಟ್ಟೆಗೆ ಬೀಳೋದು ಹೂವಿನ ಬೆಳಕಿನ ನಾಲ್ಕನೇ ಒಂದು ಪಾಲು. ಬೆಳಕು ಒಮ್ಮೆ ಅರ್ಧವಾದರೆ ಒಂದು ಸ್ಟಾಪ್, ಅಂದರೆ ಇಲ್ಲಿ ಎರಡೇ ಸ್ಟಾಪ್ ಕಡಿಮೆ. ಬಟ್ಟೆಯನ್ನು ದೀಪದಿಂದ ಎರಡೂವರೆ ಮೀಟರಿಗೆ ಒಯ್ದರೆ ನೂರನೇ ಒಂದು ಪಾಲು, ಹೆಚ್ಚುಕಡಿಮೆ ಆರೂವರೆ ಸ್ಟಾಪ್ ಕಡಿಮೆ. ಅಲ್ಲಿಗೆ ಬಟ್ಟೆಯ ಬಣ್ಣ ಲೆಕ್ಕಕ್ಕೇ ಬರೋದಿಲ್ಲ.

ತೋಟದ ಮನೆ, ಇಂಡಿ

ಹಾಗಾದರೆ ಬಿಸಿಲಲ್ಲೂ ಹಿನ್ನೆಲೆ ದೂರ ಇದ್ದರೆ ಸಾಕಲ್ವಾ? ನಮ್ಮ ನಿಂಬೆ ತೋಟದಲ್ಲಿ ಹೂವಿನ ಹಿಂದೆ ಅರ್ಧ ಫರ್ಲಾಂಗ್ ಬಯಲಿದೆ. ಆದರೂ ಕಪ್ಪಾಗಲ್ಲ.

ಎಫ್ ಹನ್ನೊಂದು, ಬೆಳಗಾವಿ

ಬಿಸಿಲಿಗೆ ಆ ಲೆಕ್ಕ ಹಿಡಿಯೋದಿಲ್ಲ ಸರ್. ಸೂರ್ಯ ಸುಮಾರು 15 ಕೋಟಿ ಕಿಲೋಮೀಟರ್ ದೂರದಲ್ಲಿದ್ದಾನೆ. ಹೂವಿಗೂ ಬಯಲಿಗೂ ನಡುವಿನ ಅರ್ಧ ಫರ್ಲಾಂಗ್ ಅವನಿಗೆ ಯಾವ ಲೆಕ್ಕ? ಎರಡಕ್ಕೂ ಒಂದೇ ಬಿಸಿಲು. ಅಲ್ಲಿ ಬೇಕಾದದ್ದು ನೆರಳು. ಹೂವಿಗೆ ಬಿಸಿಲು ತಾಗಬೇಕು, ಅದರ ಹಿಂದೆ ದಟ್ಟ ನೆರಳಿರಬೇಕು. ನೀವು ನಿಲ್ಲುವ ಜಾಗ ಬದಲಿಸಿ. ಬಯಲಿಗೆ ಬೆನ್ನು ಮಾಡಿ, ಗಿಡದ ಒಳಮೈ ಹಿಂದೆ ಬರುವಂತೆ ಹಿಡಿಯಿರಿ. ನಿಂಬೆ ಗಿಡದ ಒಳಗೆ ಎಲೆ ಒತ್ತಾಗಿರುತ್ತದೆ, ಅಲ್ಲಿ ಕತ್ತಲೆ ಸಾಕಷ್ಟಿದೆ. ಎಕ್ಸ್‌ಪೋಶರ್ ಮಾತ್ರ ಬಿಸಿಲಿನ ಹೂವಿಗೆ ಸರಿ ಮಾಡಿ.

ಹಳೇ ರೋಲು, ಗೋಕಾಕ

ನಿಮ್ಮ ಸ್ಟಾಪು, ಪಾಲು ಎಲ್ಲ ಸರಿ ತಮ್ಮ. ಆದರೆ ಈ ಕೆಲಸಕ್ಕೆ ನಮ್ಮ ಕಡೆಯ ಹಳೇ ಮಾಳಿಗೆ ಮನೆಗಿಂತ ಒಳ್ಳೆಯ ಸ್ಟುಡಿಯೊ ಇಲ್ಲ.

ದಪ್ಪ ಗೋಡೆ, ಕಿಟಕಿ ಕಡಿಮೆ, ಮೇಲೆ ಮಣ್ಣಿನ ಮಾಳಿಗೆ. ನಡುಮನೆಯಲ್ಲಿ ಒಂದು ಬೆಳಕಿಂಡಿ. ಬೆಳಿಗ್ಗೆ ಹೊತ್ತೇರಿದ ಮೇಲೆ ಆ ಕಿಂಡಿಯಿಂದ ಬೆಳಕು ಕೋಲಿನ ಹಾಗೆ ಇಳಿಯುತ್ತದೆ. ಆ ಬೆಳಕಿನ ಕೆಳಗೆ ಒಂದು ತಂಬಿಗೆ ಇಟ್ಟು, ಅದರಲ್ಲಿ ಹೂವಿನ ದಂಟು ನಿಲ್ಲಿಸಿ. ಸುತ್ತಲಿನ ಗೋಡೆ ಸುಣ್ಣದ್ದೇ ಇರಲಿ, ಹೂವಿಗೆ ಎಕ್ಸ್‌ಪೋಶರ್ ಸರಿ ಮಾಡಿದರೆ ಉಳಿದದ್ದೆಲ್ಲ ಕತ್ತಲೆ. ಬೆಳಕು ತೀರಾ ಬಿರುಸಾಗಿದ್ದರೆ ಕಿಂಡಿಯ ಕೆಳಗೆ ಬಿಳಿ ಧೋತರ ಅಡ್ಡ ಕಟ್ಟಿ. ಪಕಳೆಯ ಮೇಲಿನ ನೆರಳು ಮೆತ್ತಗಾಗುತ್ತದೆ.

ಈಗ ಎಲ್ಲರೂ ಸ್ಲ್ಯಾಬ್ ಹಾಕಿಸಿದ್ದಾರೆ, ಬೆಳಕಿಂಡಿ ಎಲ್ಲಿ ಹುಡುಕೋದು ಅಂತ ಕೇಳಬೇಡಿ. ಬಾಗಿಲು ಇದೆಯಲ್ಲ. ಹೊಸ್ತಿಲ ಹತ್ತಿರ ಸ್ಟೂಲ್ ಇಟ್ಟು ಅದರ ಮೇಲೆ ಹೂವು ಇಡಿ. ನೀವು ಹೊರಗೆ ನಿಂತು ಒಳಗಿನ ಕೋಣೆಯ ಕಡೆಗೆ ಕ್ಯಾಮೆರಾ ತಿರುಗಿಸಿ. ಕೋಣೆಯ ದೀಪ ಆರಿಸಿ, ಕಿಟಕಿ ಮುಚ್ಚಿ. ಹೂವಿಗೆ ಬಯಲಿನ ಬೆಳಕು, ಹಿಂದೆ ಕತ್ತಲ ಕೋಣೆ. ನೇರ ಬಿಸಿಲು ಬೀಳದ ಬಾಗಿಲಾದರೆ ಚಲೋ. ಬಟ್ಟೆ ಬೇಡ, ಫ್ಲ್ಯಾಶ್ ಬೇಡ, ಅತ್ತೆಯವರು ಸೀರೆ ಹಿಡಿದು ನಿಲ್ಲುವುದೂ ಬೇಡ.

ಹಿತ್ತಲಗಿಡ, ಬೆಳಗಾವಿ

ಕಾಕಾ, ಬಾಗಿಲ ಉಪಾಯ ಬಹಳ ಇಷ್ಟವಾಯಿತು. ನಮ್ಮ ಹಿಂದಿನ ಬಾಗಿಲು ಉತ್ತರಕ್ಕಿದೆ. ಆದರೆ ಹೂವು ಕಿತ್ತು ತರಬೇಕಲ್ಲ. ಗಿಡದಲ್ಲೇ ತೆಗೆದರೆ ಅಲ್ವಾ ನಿಜವಾದ ಫೋಟೊ?

ಹಳೇ ರೋಲು, ಗೋಕಾಕ

ದಾಸವಾಳ ಗಿಡದಲ್ಲಿದ್ದರೂ ಸಂಜೆಗೆ ಮುದುಡುತ್ತದೆ ತಂಗಿ. ಹೇಗಿದ್ದರೂ ಪೂಜೆಗೆ ಕೀಳುತ್ತೀರಿ. ಫೋಟೊಕ್ಕೂ ಒಂದು ಕಿತ್ತರೆ ಗಿಡಕ್ಕೆ ಬೇಜಾರಿಲ್ಲ.

ಘಟಪ್ರಭೆ ದಂಡೆ, ಬಾಗಲಕೋಟೆ

ಇದರಲ್ಲಿ ಕಾಕಾ ಜೊತೆ ನನಗೆ ಜಗಳ ಇದೆ. ಮನೆಯ ದಾಸವಾಳ ಕಿತ್ತರೆ ಸರಿ. ಬಾದಾಮಿ ಗುಡ್ಡದಲ್ಲೋ ಖಾನಾಪುರ ಕಾಡಂಚಿನಲ್ಲೋ ಕಂಡ ಹೂವನ್ನು ಫೋಟೊಕ್ಕಾಗಿ ಕೀಳಬಾರದು. ಮಳೆಗಾಲದಲ್ಲಿ ಬೇಲಿಯ ಮೇಲೆ ಗೌರಿ ಹೂವು ಹಬ್ಬಿರುತ್ತದೆ, ನೋಡಿದ್ದೀರಲ್ಲ. ಕೆಂಪು ಹಳದಿ ಪಕಳೆಗಳು ಮೇಲಕ್ಕೆ ಬಾಗಿ ನಿಂತಿರುತ್ತವೆ, ಕೇಸರಗಳು ಸುತ್ತಲೂ ಅಡ್ಡಕ್ಕೆ ಚಾಚಿರುತ್ತವೆ. ಕಿತ್ತು ಲೋಟದಲ್ಲಿಟ್ಟರೆ ಆ ಬಳ್ಳಿ ಎಲೆಯ ತುದಿಯಿಂದ ಇನ್ನೊಂದು ಗಿಡವನ್ನು ಸುತ್ತಿ ಹಿಡಿದಿರುವ ಚೆಂದ ಹೋಯಿತು. ಅದೂ ಅಲ್ಲದೆ ಆ ಗಿಡ ವಿಷ. ಗಡ್ಡೆಯಂತೂ ಭಾರಿ ವಿಷ. ಮಕ್ಕಳ ಕೈಗೆ ಕೊಡಬೇಡಿ.

ಗಿಡದಲ್ಲೇ ತೆಗೆಯುವಾಗ ಬಟ್ಟೆ ಕಟ್ಟಲು ಜಾಗ ಇರಲ್ಲ. ಜೊತೆಗೆ ಬಂದವರನ್ನು ಹೂವಿನ ಹಿಂದೆ ಒಂದಾಳು ದೂರದಲ್ಲಿ ನಿಲ್ಲಿಸಿ. ಅವರ ನೆರಳು ಹಿಂದಿನ ಗಿಡಗಳ ಮೇಲೆ ಬೀಳಲಿ. ಕೊಡೆ ಬಿಚ್ಚಿ ಹಿಡಿದರೆ ಇನ್ನೂ ದೊಡ್ಡ ನೆರಳು. ಇಷ್ಟೇ ಸಾಕಾಗುತ್ತದೆ.

ಗುಮ್ಮಟದ ನೆರಳು, ವಿಜಯಪುರ

ನನ್ನ ಹತ್ತಿರ ಮೊಬೈಲ್ ಒಂದೇ. ನಮ್ಮಂಥವರಿಗೂ ಏನಾದರೂ ಹೇಳಿ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋಗಿದ್ದೆವು. ಕಡಲೆ ಹೂವು ಬಿಟ್ಟಿತ್ತು. ನೇರಳೆ ಛಾಯೆಯ ಪುಟ್ಟ ಹೂವು, ಉಗುರಿನಷ್ಟೂ ಇಲ್ಲ. ಪೋರ್ಟ್ರೇಟ್ ಮೋಡ್‌ನಲ್ಲಿ ತೆಗೆದರೆ ಪಕಳೆಯ ಅಂಚನ್ನೇ ತಿಂದುಹಾಕಿತ್ತು.

ಎಫ್ ಹನ್ನೊಂದು, ಬೆಳಗಾವಿ

ಪೋರ್ಟ್ರೇಟ್ ಮೋಡ್ ಹೂವಿಗೆ ಬೇಡ. ಎಲ್ಲಿ ಹೂವು ಮುಗಿಯಿತು, ಎಲ್ಲಿ ಹಿನ್ನೆಲೆ ಶುರುವಾಯಿತು ಅಂತ ಫೋನ್ ಊಹೆ ಮಾಡುತ್ತದೆ. ಕೇಸರ, ರೋಮ, ಮುಳ್ಳು ಬಂದರೆ ಆ ಊಹೆ ತಪ್ಪುತ್ತದೆ. ಸಾದಾ ಮೋಡ್‌ನಲ್ಲೇ ತೆಗೆಯಿರಿ. ಎಚ್‌ಡಿಆರ್ ಆಫ್ ಮಾಡಲು ಬಂದರೆ ಮಾಡಿ. ಅದರ ಕೆಲಸವೇ ಕತ್ತಲೆಯನ್ನು ಎತ್ತಿ ತೋರಿಸೋದು, ನಮಗೆ ಬೇಕಿರೋದು ಅದರ ಉಲ್ಟಾ. ನೈಟ್ ಮೋಡ್ ಕೂಡ ಹಾಗೇ. ಹೂವಿನ ಮೇಲೆ ಬೆರಳು ಒತ್ತಿ ಹಿಡಿದರೆ ಫೋಕಸ್ ಲಾಕ್ ಆಗುತ್ತದೆ. ಆಮೇಲೆ ಬೆರಳನ್ನು ಕೆಳಗೆ ಎಳೆದು ಹಿಂದಿನದು ಕಪ್ಪಾಗುವ ತನಕ ಬೆಳಕು ಇಳಿಸಿ.

ಇನ್ನೊಂದು. ಅನೇಕ ಫೋನ್‌ಗಳಲ್ಲಿ ಮ್ಯಾಕ್ರೊ ಅಂದರೆ ಅಲ್ಟ್ರಾವೈಡ್ ಲೆನ್ಸು. ತೀರಾ ಹತ್ತಿರ ಹೋಗಬೇಕು, ಫೋನಿನ ನೆರಳೇ ಹೂವಿನ ಮೇಲೆ ಬೀಳುತ್ತದೆ. ಹಿಂದಿನ ಹೊಲವೂ ಆಕಾಶವೂ ಅಗಲವಾಗಿ ಫ್ರೇಮಿಗೆ ಬರುತ್ತವೆ. ಸ್ವಲ್ಪ ಹಿಂದೆ ನಿಂತು ಎರಡು ಪಟ್ಟು ಜೂಮ್ ಮಾಡಿ. ಹಿಂದೆ ಕಾಣುವ ಜಾಗ ಚಿಕ್ಕದಾಗುತ್ತದೆ. ಚಿಕ್ಕ ಜಾಗಕ್ಕೆ ನೆರಳು ಕೊಡೋದು ಸುಲಭ.

ತೋಟದ ಮನೆ, ಇಂಡಿ

ಕಡಲೆ ಹೊಲಕ್ಕೆ ಬೆಳಿಗ್ಗೆ ಇಬ್ಬನಿ ಇರುವಾಗ ಮೊಣಕಾಲೂರಿ ಕೂರಬೇಡಿ. ಗಿಡದ ಹುಳಿ ಪ್ಯಾಂಟಿಗೆಲ್ಲ ಹತ್ತುತ್ತದೆ. ಕೈಗೆ ಹತ್ತಿದರೆ ತೊಳೆದುಕೊಂಡೇ ಲೆನ್ಸ್ ಮುಟ್ಟಿ. ಹಿಂದಿನವರು ರಾತ್ರಿ ಬಿಳಿ ಬಟ್ಟೆ ಹಾಸಿ ಆ ಹುಳಿಯನ್ನು ಹಿಂಡಿ ತೆಗೆದು ಹೊಟ್ಟೆನೋವಿಗೆ ಇಡುತ್ತಿದ್ದರು.

ಫೋಟೊಕ್ಕೆ ನನ್ನ ಓಟು ಕುಸುಬಿಗೆ. ದನ ನುಗ್ಗದಿರಲಿ ಅಂತ ಜೋಳದ ಹೊಲದ ಸುತ್ತ ಅಕ್ಕಡಿ ಹಾಕಿರುತ್ತೇವಲ್ಲ, ಅದು. ಹೂವು ಬಿರಿದಾಗ ಹಳದಿ, ಬಾಡುತ್ತಾ ಕೇಸರಿ, ಆಮೇಲೆ ಕೆಂಪು. ಒಂದೇ ಗಿಡದಲ್ಲಿ ಮೂರು ಬಣ್ಣವೂ ಸಿಗುತ್ತವೆ. ಹತ್ತಿಯೂ ಹಾಗೇ. ಮೊದಲ ದಿನ ಕೆನೆ ಬಣ್ಣ, ಮರುದಿನ ಗುಲಾಬಿ.

ಘಟಪ್ರಭೆ ದಂಡೆ, ಬಾಗಲಕೋಟೆ

ಕುಸುಬಿಗೆ ಸಂಜೆಯ ಓರೆ ಬಿಸಿಲು ಹಿಂದಿನಿಂದ ಅಥವಾ ಪಕ್ಕದಿಂದ ಬೀಳಬೇಕು. ಆಗ ಮುಳ್ಳಿನ ತುದಿಗೆಲ್ಲ ಬೆಳ್ಳಿ ಗೆರೆ ಬರುತ್ತದೆ. ಎದುರಿನಿಂದ ಬೆಳಕು ಹಾಕಿದರೆ ಹಳದಿ ಚೆಂಡಷ್ಟೇ ಕಾಣುತ್ತದೆ. ಕಪ್ಪು ಹಿನ್ನೆಲೆಗೆ ಅಂಚಿನ ಬೆಳಕು ಬೇಕೇ ಬೇಕು. ಇಲ್ಲದಿದ್ದರೆ ಹಸಿರು ದಂಟು, ಎಲೆ ಎಲ್ಲ ಕತ್ತಲಲ್ಲಿ ಕರಗಿ ಹೂವು ಗಾಳಿಯಲ್ಲಿ ತೇಲಿದಂತೆ ಕಾಣುತ್ತದೆ. ಬೆಳಕಿನ ಎದುರು ಬದಿಗೆ ಬಿಳಿ ಥರ್ಮೊಕೋಲ್ ತುಂಡು ಹಿಡಿದರೂ ಸಾಕು.

ಹಿತ್ತಲಗಿಡ, ಬೆಳಗಾವಿ

ಹಿಂದಿನ ಬಾಗಿಲಲ್ಲಿ ಮಾಡಿ ನೋಡಿದೆ. ಮೈನಸ್ ಒಂದೂವರೆಗೆ ಇಳಿಸಿದ್ದೆ. ಹಿನ್ನೆಲೆ ಕಪ್ಪು, ನಿಜವಾಗಿಯೂ ಕಪ್ಪು. ಅತ್ತೆಯವರು ಫೋಟೊ ನೋಡಿ ಕರೆಂಟ್ ಹೋಗಿತ್ತಾ ಅಂದರು.

ಆದರೆ ಕೆಂಪು ಇನ್ನೂ ಸಪಾಟು. ಕ್ಯಾಮೆರಾ ಪರದೆಯ ಬೆಳಕಿನ ನಕ್ಷೆ, ಹಿಸ್ಟೊಗ್ರಾಮ್ ನೋಡಿದೆ, ಅತಿ ಬೆಳಕು ತೋರಿಸುವ ಬಲಗಡೆ ಎಲ್ಲೂ ತಾಗಿಲ್ಲ. ಮತ್ತೆ ಗೆರೆ ಯಾಕೆ ಬರ್ತಿಲ್ಲ?

ಎಫ್ ಹನ್ನೊಂದು, ಬೆಳಗಾವಿ

ನೀವು ನೋಡಿದ್ದು ಬಿಳಿ ಹಿಸ್ಟೊಗ್ರಾಮ್ ಇರಬೇಕು. ಅದು ಕೆಂಪು, ಹಸಿರು, ನೀಲಿ ಮೂರನ್ನೂ ಸೇರಿಸಿ ತೋರಿಸುತ್ತದೆ. ಅದರಲ್ಲಿ ಹಸಿರಿನ ಪಾಲೇ ಜಾಸ್ತಿ. ಕೆಂಪು ದಾಸವಾಳದಲ್ಲಿ ಹಸಿರು, ನೀಲಿ ಎರಡೂ ತೀರಾ ಕಡಿಮೆ, ಹಾಗಾಗಿ ಸರಾಸರಿ ಸುರಕ್ಷಿತವಾಗೇ ಕಾಣುತ್ತದೆ. ಅಷ್ಟರಲ್ಲಿ ಕೆಂಪು ಚಾನೆಲ್ ಒಂದೇ ತುಂಬಿ ತುಳುಕಿರುತ್ತದೆ. ಪಕಳೆಯ ಗೆರೆ ಇರೋದೇ ಆ ಚಾನೆಲ್‌ನಲ್ಲಿ. ಮೆನುವಿನಲ್ಲಿ ಮೂರೂ ಬಣ್ಣ ಬೇರೆಬೇರೆ ತೋರಿಸುವ ಆರ್‌ಜಿಬಿ ಹಿಸ್ಟೊಗ್ರಾಮ್ ಆರಿಸಿ, ಕೆಂಪಿನ ಗುಡ್ಡ ಬಲಗೋಡೆಗೆ ತಾಗದಷ್ಟು ಇಳಿಸಿ. ಕ್ಯಾಮೆರಾ ತಿದ್ದದ ರಾ ಫೈಲಿನಲ್ಲಿ ತೆಗೆಯಿರಿ. ಪಿಕ್ಚರ್ ಸ್ಟೈಲ್ ವಿವಿಡ್‌ನಲ್ಲಿದ್ದರೆ ನ್ಯೂಟ್ರಲ್ ಮಾಡಿ. ಚೆಂಡು ಹೂವು, ಕನಕಾಂಬರಕ್ಕೂ ಇದೇ ಕಾಟ.

ಮ್ಯಾಕ್ರೊ ಲೆನ್ಸಿನ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ ಅಲ್ವಾ? 1:1 ಮ್ಯಾಕ್ರೊ ಅಂದರೆ ಸೆನ್ಸರ್ ಎಷ್ಟು ದೊಡ್ಡದೋ ಅಷ್ಟೇ ದೊಡ್ಡ ಜಾಗ ಫ್ರೇಮ್ ತುಂಬುತ್ತದೆ. ನಿಮ್ಮ ಸೆನ್ಸರ್ ಸುಮಾರು 22 ಎಂಎಂ ಅಗಲ. ದಾಸವಾಳ ಅದರ ನಾಲ್ಕೈದು ಪಟ್ಟು. ಇಡೀ ಹೂವಿಗೆ ನಿಮ್ಮ 18-55 ಲೆನ್ಸೇ ಸಾಕು, 55ಕ್ಕೆ ಇಟ್ಟು ಹತ್ತಿರ ಹೋಗಿ. ನಡುವಿನ ಕೇಸರದ ಕೋಲು, ಅದರ ತುದಿಯ ಐದು ಕೆಂಪು ಗುಂಡಿಗಳು ಫ್ರೇಮ್ ತುಂಬಬೇಕು ಅಂದರೆ ಮಾತ್ರ ಮ್ಯಾಕ್ರೊ ಬೇಕು. ಅದಕ್ಕೂ 50 ಎಂಎಂ ಲೆನ್ಸಿನ ಹಿಂದೆ ಗಾಜಿಲ್ಲದ ಖಾಲಿ ಕೊಳವೆ, ಅಂದರೆ ಎಕ್ಸ್‌ಟೆನ್ಶನ್ ಟ್ಯೂಬ್ ಹಾಕಬಹುದು. 25 ಎಂಎಂ ಟ್ಯೂಬಿಗೆ ಅರ್ಧ ಅಳತೆ, 50 ಎಂಎಂಗೆ ಪೂರ್ತಿ 1:1. ಒಳಗೆ ಕನೆಕ್ಷನ್ ಪಿನ್ ಇರುವ ಟ್ಯೂಬನ್ನೇ ತಗೊಳ್ಳಿ. ಇಲ್ಲದಿದ್ದರೆ ಅಪರ್ಚರ್ (ಲೆನ್ಸಿನೊಳಗಿನ ತೂತಿನ ಅಳತೆ, ಎಫ್ ಸಂಖ್ಯೆ ಹೇಳೋದು ಅದನ್ನೇ) ಬದಲಿಸಲು ಪರದಾಡಬೇಕು.

ಹತ್ತಿರ ಹೋದಷ್ಟೂ ಫೋಕಸ್ ಆಳ ಕಡಿಮೆ. ನಿಮ್ಮ ಸೆನ್ಸರಿನಲ್ಲಿ ಎಫ್ 11ಕ್ಕೆ ಇಡೀ ದಾಸವಾಳ ತೆಗೆದರೆ 13 ಎಂಎಂ ಆಸುಪಾಸು ಚೊಕ್ಕವಾಗಿ ಬರುತ್ತದೆ. ಅದೇ ಎಫ್ 11, 1:1 ಆದರೆ ಒಂದು ಎಂಎಂ ಕೂಡ ಇಲ್ಲ. ಹಾಗಾಗಿ ಕೇಸರದ ಕೋಲನ್ನು ಪಕ್ಕದಿಂದ, ಸೆನ್ಸರಿಗೆ ಸಮಾನಾಂತರವಾಗಿ ಹಿಡಿಯಿರಿ. ಎದುರಿನಿಂದ ಹಿಡಿದರೆ ತುದಿ ಚೂಪು, ಬುಡ ಮಬ್ಬು.

ಗುಮ್ಮಟದ ನೆರಳು, ವಿಜಯಪುರ

ಇಷ್ಟೆಲ್ಲ ಯಾಕೆ ಅಂತ. ಎಡಿಟ್ ಮಾಡುವಾಗ ಹಿಂದಿನದಕ್ಕೆ ಕಪ್ಪು ಬಳಿದರೆ ಆಯಿತಲ್ಲ.

ಹಳೇ ರೋಲು, ಗೋಕಾಕ

ಬಳಿಯಿರಿ. ಕುಸುಬಿಯ ಒಂದು ಹೂವಿನ ಮುಳ್ಳುಗಳನ್ನು ಒಂದೊಂದಾಗಿ ಬಿಡಿಸಿ ಕಪ್ಪು ಬಳಿದು ತೋರಿಸಿ, ಆಮೇಲೆ ಮಾತಾಡೋಣ.

ಘಟಪ್ರಭೆ ದಂಡೆ, ಬಾಗಲಕೋಟೆ

ಕಾಕಾ ಗರಂ ಆದರು. ತೆಗೆಯುವಾಗಲೇ ಮುಕ್ಕಾಲು ಪಾಲು ಕಪ್ಪು ಬಂದಿದ್ದರೆ ಬ್ಲ್ಯಾಕ್ಸ್ ಸ್ಲೈಡರ್ ಸ್ವಲ್ಪ ಇಳಿಸಿದರೆ ಮುಗಿಯಿತು. ಬೂದಿ ಹಿನ್ನೆಲೆಯನ್ನು ಕಪ್ಪು ಮಾಡಲು ಹೋದರೆ ಹೂವಿನ ಸುತ್ತ ಬೆಳ್ಳಗಿನ ಬಳೆ ಉಳಿಯುತ್ತದೆ. ಮಖಮಲ್ ಬಳಸುವವರು ಅದರ ಮೇಲಿನ ಧೂಳು, ನೂಲಿನ ಚೂರುಗಳನ್ನು ಸೆಲ್ಲೋ ಟೇಪಿನಿಂದ ಮೊದಲೇ ಎತ್ತಿ. ಫೋಟೊದಲ್ಲಿ ಒಂದೊಂದೂ ನಕ್ಷತ್ರದ ಹಾಗೆ ಹೊಳೆಯುತ್ತವೆ.

ಹಿತ್ತಲಗಿಡ, ಬೆಳಗಾವಿ

ನಮ್ಮೂರ ಆಷಾಢದ ಗಾಳಿ ಗೊತ್ತಲ್ಲ. ಸೇವಂತಿಗೆ ಒಂದು ಕ್ಷಣ ನಿಲ್ಲುವುದಿಲ್ಲ. ಮತ್ತೆ ಬ್ರಹ್ಮಕಮಲಕ್ಕೆ ಮೊಗ್ಗು ಬಂದಿದೆ. ಅದು ಅರಳೋದೇ ರಾತ್ರಿ. ಹಿನ್ನೆಲೆ ಹೇಗೂ ಕತ್ತಲೆ, ಹೂವಿಗೆ ಬೆಳಕು ಎಲ್ಲಿಂದ ತರಲಿ?

ಘಟಪ್ರಭೆ ದಂಡೆ, ಬಾಗಲಕೋಟೆ

ಗಾಳಿಗೆ ಎರಡು ದಾರಿ. ದಂಟಿನ ಪಕ್ಕ ಒಂದು ಕೋಲು ನೆಟ್ಟು ಬಟ್ಟೆ ಒಣಹಾಕುವ ಕ್ಲಿಪ್‌ನಿಂದ ಮೆತ್ತಗೆ ಹಿಡಿಸಿ. ಅಥವಾ ಯಾರದ್ದಾದರೂ ಫ್ಲ್ಯಾಶ್ ತನ್ನಿ. ಅದನ್ನು ಪೂರ್ತಿ ಶಕ್ತಿಗೆ ಇಡದೆ ಹದಿನಾರನೇ ಒಂದು ಪಾಲಿಗೆ ಇಳಿಸಿ. ಮಿಂಚು ಸೆಕೆಂಡಿನ ಸಾವಿರಾರು ಪಾಲಿನಲ್ಲಿ ಒಂದು ಪಾಲು ಮಾತ್ರ ಇರುತ್ತದೆ, ಅಲುಗುವ ಹೂವೂ ನಿಂತ ಹಾಗೆ ಬರುತ್ತದೆ. ಕ್ಯಾಮೆರಾದಿಂದ ಬಿಚ್ಚಿ ಪಕ್ಕಕ್ಕೆ ಹಿಡಿಯಿರಿ, ಮುಂದೆ ಬಟರ್ ಪೇಪರ್ ಕಟ್ಟಿ. ಐಎಸ್‌ಒ 100, ಎಫ್ 11, ಶಟರ್ 1/200 ಸೆಕೆಂಡ್. ನೆರಳಿನ ಜಾಗದಲ್ಲಿ ಹಿನ್ನೆಲೆ ತಾನಾಗಿ ಕತ್ತಲಾಗುತ್ತದೆ. ಹಿಂದೆ ನೇರ ಬಿಸಿಲಿದ್ದರೆ ಮಾತ್ರ ಆಗಲ್ಲ. ಎಫ್ 11, 1/200 ಅಂದರೆ ಬಿಸಿಲಿಗೇ ಸರಿಹೊಂದುವ ಎಕ್ಸ್‌ಪೋಶರ್.

ಬ್ರಹ್ಮಕಮಲ ಗಾಳಿ ಇಲ್ಲದ ಜಾಗಕ್ಕೆ ತನ್ನಿ, ಕುಂಡದಲ್ಲೇ ಇದೆಯಲ್ಲ. ಟ್ರೈಪಾಡ್ ಹಾಕಿ, ಲೈಟೆಲ್ಲ ಆರಿಸಿ. ಮೊದಲು ಟಾರ್ಚ್ ಹಚ್ಚಿ ಫೋಕಸ್ ಮಾಡಿಕೊಂಡು ಮ್ಯಾನುಯಲ್‌ಗೆ ಬದಲಿಸಿ. ಐಎಸ್‌ಒ 100, ಎಫ್ 11, ಶಟರ್ 10 ಸೆಕೆಂಡ್, ಜೊತೆಗೆ ಸೆಲ್ಫ್ ಟೈಮರ್. ಶಟರ್ ತೆರೆದಿರುವಾಗ ಮೊಬೈಲ್ ಟಾರ್ಚನ್ನು ಪಕ್ಕದಿಂದ, ಆಮೇಲೆ ಹಿಂಬದಿಯಿಂದ ಹೂವಿನ ಮೇಲೆ ಆಡಿಸಿ. ಒಂದೇ ಕಡೆ ನಿಲ್ಲಿಸಬೇಡಿ. ಟಾರ್ಚಿನ ಬಾಯಿ ಲೆನ್ಸಿಗೆ ಕಾಣದಿರಲಿ. ಬಿಳಿ ಹೂವು, ಬೇಗ ಸುಡುತ್ತದೆ. ಮೊದಲ ಫೋಟೊ ಬೆಳ್ಳಗಾದರೆ ಟಾರ್ಚ್ ಆಡಿಸುವ ಹೊತ್ತು ಕಡಿಮೆ ಮಾಡಿ. ಹಿಂಬದಿಯಿಂದ ಬೆಳಕು ಬಿದ್ದಾಗ ಪಕಳೆ ಒಳಗಿನಿಂದಲೇ ಹೊಳೆದಂತೆ ಇರುತ್ತದೆ. ಬೆಳಗಾಗುವಷ್ಟರಲ್ಲಿ ಹೂವು ಜೋತುಬೀಳುತ್ತದೆ, ರಾತ್ರಿಯೇ ಮುಗಿಸಿ.

ತೋಟದ ಮನೆ, ಇಂಡಿ

ಹೂವಿನ ಮೇಲೆ ನೀರಿನ ಹನಿ ಸಿಂಪಡಿಸಿದರೆ ಹೇಗೆ? ಗ್ಲಿಸರಿನ್ ಬೆರೆಸಿದರೆ ಹನಿ ಜಾರದೆ ನಿಲ್ಲುತ್ತದೆ ಅಂತಾರೆ.

ಹಳೇ ರೋಲು, ಗೋಕಾಕ

ನಿಲ್ಲುತ್ತದೆ. ಮದುವೆ ಆಲ್ಬಮ್ಮಿನ ಮುಖಪುಟಕ್ಕೆ ನಾನೂ ಮಾಡಿದ್ದೇನೆ. ಆದರೆ ಮಧ್ಯಾಹ್ನದ ಹೂವಿನ ಮೇಲೆ ಮುಂಜಾನೆಯ ಇಬ್ಬನಿ ಕಂಡರೆ ರೈತನಿಗೆ ನಗು ಬರುತ್ತದೆ. ನೀವೇ ಹೇಳಿ, ನಿಮಗೆ ಬರಲ್ವಾ?

ಗುಮ್ಮಟದ ನೆರಳು, ವಿಜಯಪುರ

ಇಬ್ರಾಹಿಂ ರೋಜಾ ಉದ್ಯಾನದಲ್ಲಿ ಹೂವು ಚೆನ್ನಾಗಿರುತ್ತವೆ, ಹಿಂದೆ ಕಮಾನಿನ ಒಳಗಿನ ನೆರಳೂ ಇದೆ. ಅಲ್ಲಿ ಟ್ರೈಪಾಡ್ ಹಾಕಬಹುದಾ?

ಘಟಪ್ರಭೆ ದಂಡೆ, ಬಾಗಲಕೋಟೆ

ಪುರಾತತ್ವ ಇಲಾಖೆಯ ಅನುಮತಿ ಬೇಕು. ಕೈಯಲ್ಲಿ ಹಿಡಿದು ತೆಗೆಯಿರಿ, ಮೊಬೈಲ್ ತಾನೇ.

ಹಿತ್ತಲಗಿಡ, ಬೆಳಗಾವಿ

ಆರ್‌ಜಿಬಿ ಹಿಸ್ಟೊಗ್ರಾಮ್ ಹಾಕಿದ ಮೇಲೆ ಪಕಳೆಯ ಗೆರೆಗಳು ಬಂದವು. ಬುಡದ ಗಾಢ ಕೆಂಪಿನಿಂದ ಅಂಚಿನವರೆಗೆ ಒಂದೊಂದೂ ಕಾಣುತ್ತದೆ. ಕೇಸರದಿಂದ ಉದುರಿದ ಹಳದಿ ಪುಡಿ ಪಕಳೆಯ ಮೇಲೆ ಬಿದ್ದದ್ದೂ ಬಂದಿದೆ. ಒಂದು ಇರುವೆಯೂ ಇದೆ, ಅದನ್ನು ಹಾಗೇ ಬಿಟ್ಟೆ. ಬ್ರಹ್ಮಕಮಲ ಅರಳೋದಕ್ಕೆ ಕಾಯ್ತಾ ಇದ್ದೇನೆ.

ಈ ದಾಸವಾಳ 12-18 ಇಂಚಿಗೆ ಪ್ರಿಂಟ್ ಹಾಕಿಸಬೇಕು ಅಂತ ಅತ್ತೆಯವರ ಹಟ. ಅಷ್ಟು ದೊಡ್ಡದಾಗಿ ಬರುತ್ತಾ? ಇಲ್ಲೇ ಒಂದು ಕಡೆ ಚಿಕ್ಕದೊಂದು ಹಾಕಿಸಿದೆ. ಫೋನಿನಲ್ಲಿ ಕಪ್ಪಿದ್ದದ್ದು ಕಾಗದದ ಮೇಲೆ ಮತ್ತೆ ಬೂದಿ.

ಹಳೇ ರೋಲು, ಗೋಕಾಕ

18 ಮೆಗಾಪಿಕ್ಸೆಲ್ ಫೈಲು ಕತ್ತರಿಸದೆ ಕೊಟ್ಟರೆ ಆ ಅಳತೆಗೆ ಇಂಚಿಗೆ 288 ಪಿಕ್ಸೆಲ್ ಸಿಗುತ್ತವೆ, ಧಾರಾಳ ಸಾಕು. ಬೂದಿ ಬಂದದ್ದು ಲ್ಯಾಬಿನ ಆಟೊ ಕರೆಕ್ಷನ್‌ನಿಂದ ಇರಬೇಕು. ಅದೂ ನಿಮ್ಮ ಕ್ಯಾಮೆರಾ ಮೀಟರಿನ ಥರವೇ ಕಪ್ಪು ಕಂಡರೆ ಎತ್ತುತ್ತದೆ. ಕರೆಕ್ಷನ್ ಹಾಕಬೇಡಿ ಅಂತ ಬರೆದೇ ಕೊಡಿ. ಗ್ಲಾಸಿ ಕಾಗದದಲ್ಲಿ ಕಪ್ಪು ಗಾಢ ಬರುತ್ತದೆ, ಆದರೆ ಕಿಟಕಿ ಎದುರಿನ ಗೋಡೆಗೆ ಹಾಕಿದರೆ ನಿಮ್ಮ ಮುಖವೇ ಕಾಣುತ್ತದೆ. ಅಂಥ ಗೋಡೆಯಾದರೆ ಮ್ಯಾಟ್ ಹಾಕಿಸಿ, ಫೈಲಿನಲ್ಲಿ ಹೂವನ್ನು ಮಾತ್ರ ಚೂರು ಬೆಳಗು ಮಾಡಿ ಕೊಡಿ. ದೊಡ್ಡದು ಹಾಕಿಸುವ ಮೊದಲು ಅದೇ ಕಾಗದದಲ್ಲಿ 4-6 ಒಂದು ತೆಗೆಸಿ ನೋಡಿ.